ಐದು ನಿಮಿಷ ಮುಂದಿದ್ದ ಮನೆ

ಬೆಟ್ಟದಪುರದ ಬೆಟ್ಟದ ತಪ್ಪಲಿನ ಹಳ್ಳಿಯೊಂದರಲ್ಲಿ ಮಂಟಯ್ಯನವರ ಮನೆ. ಆ ಮನೆಯ ನಡುಮನೆಯ ಗಡಿಯಾರ ಯಾವಾಗಲೂ ಐದು ನಿಮಿಷ ಮುಂದೆ. ಕೆಟ್ಟು ಮುಂದೆ ಹೋದದ್ದಲ್ಲ, ಬೇಕೆಂದೇ ಮುಂದೆ ಇಟ್ಟದ್ದು. ಮಗ ನಟರಾಜು ಪಿರಿಯಾಪಟ್ಟಣದ ಹೈಸ್ಕೂಲಿಗೆ ಸೇರಿದ ವರ್ಷ, ಬೆಳಗಿನ ಬಸ್ಸು ತಪ್ಪಬಾರದೆಂದು ಮಂಟಯ್ಯನವರೇ ಸ್ಟೂಲು ಹತ್ತಿ ಮುಳ್ಳು ತಿರುಗಿಸಿದ್ದರು. ಮಗನ ಓದು ಮುಗಿಯಿತು, ಅದೇ ಪಿರಿಯಾಪಟ್ಟಣದ ಗೊಬ್ಬರದಂಗಡಿಯಲ್ಲಿ ಕೆಲಸ ಸಿಕ್ಕಿತು, ಮದುವೆಯೂ ಆಯಿತು. ಗಡಿಯಾರದ ಸೆಲ್ಲು ಬದಲಾಗುತ್ತಾ ಬಂತೇ ಹೊರತು ಟೈಮು ಬದಲಾಗಲಿಲ್ಲ. ಅದಕ್ಕೆ ‘ಮನೆ ಟೈಮು’ ಎಂಬ ಹೆಸರೇ ಬಿದ್ದುಹೋಯಿತು. ಮನೆಗೆ ಯಾವ ಹೊಸ ಗಡಿಯಾರ ಬಂದರೂ ಅದನ್ನು ಮೊದಲು ಗೋಡೆಯ ಮುಂದೆ ಹಿಡಿದು ಮನೆ ಟೈಮಿಗೆ ಸೇರಿಸಬೇಕು. ಪ್ರಮೀಳಾಳ ಮದುವೆಗೆ ತವರಿನವರು ಕೊಟ್ಟ ಕೈಗಡಿಯಾರವೂ ಹೊಸ್ತಿಲು ದಾಟಿದ ದಿನವೇ ಐದು ನಿಮಿಷ ಮುಂದೆ ಹೋಯಿತು.

ಸೊಸೆಯಾಗಿ ಬಂದ ಹೊಸದರಲ್ಲೇ ಪ್ರಮೀಳಾಳಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಗಡಿಯಾರ ಮುಂದಿದೆ ಎಂಬುದು ಗಂಡಸರಿಗೆ ಚೆನ್ನಾಗಿ ಗೊತ್ತು. ಮುಳ್ಳು ಏಳೂವರೆಗೆ ಬಂದಾಗ ನಟರಾಜು, “ಇನ್ನೂ ಐದು ನಿಮಿಷ ಐತೆ ಬುಡು” ಎಂದು ಕಾಲು ಚಾಚಿ ಇನ್ನೊಂದು ಅರ್ಧ ಲೋಟ ಕಾಫಿ ಕೇಳುತ್ತಿದ್ದ. ಆದರೆ ಅಡುಗೆಮನೆಯಲ್ಲಿ ಯಾರೂ ಐದು ಕಳೆಯುತ್ತಿರಲಿಲ್ಲ. ಗೋಡೆಯ ಮುಳ್ಳು ಎಲ್ಲಿದೆಯೋ ಆ ಹೊತ್ತಿಗೆ ರೊಟ್ಟಿ ತಟ್ಟೆಗೆ ಬೀಳಬೇಕು, ಡಬ್ಬಿ ಕಟ್ಟಿರಬೇಕು. ಅತ್ತೆ ಸಿದ್ದಲಿಂಗಮ್ಮ ಮನೆ ಟೈಮು ನಾಲ್ಕೂವರೆಗೆ ಎದ್ದು ಒಲೆ ಹಚ್ಚುತ್ತಿದ್ದರು. ನಟರಾಜು ದಿನವೂ ಕುಡಿಯುವ ಆ ಅರ್ಧ ಲೋಟ ಕಾಫಿಯ ಹೊತ್ತು ಅತ್ತೆಯ ನಿದ್ದೆಯಿಂದ ಬಂದದ್ದು ಎಂದು ಪ್ರಮೀಳಾಳಿಗೆ ಅನ್ನಿಸಿತು. ಹೊಸ ಸೊಸೆ ಇಂಥದ್ದನ್ನೆಲ್ಲ ಹೇಳುವುದಿಲ್ಲ. ಆಮೇಲೆ ಹಳೆಯ ಸೊಸೆಯಾದಳು, ಆಗಲೂ ಹೇಳಲಿಲ್ಲ.

ಪ್ರಮೀಳಾ ಎಚ್.ಡಿ. ಕೋಟೆಯ ಹಂಪಾಪುರದ ಕಡೆಯವಳು. ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಹಾಸ್ಟೆಲಿನ ಗೆಳತಿಯ ಜೊತೆ ಹ್ಯಾಮ್ ರೇಡಿಯೋ ತರಗತಿಗೆ ಹೋಗಿದ್ದಳು. ಗೆಳತಿ ಎರಡು ವಾರಕ್ಕೆ ಬಿಟ್ಟಳು, ಇವಳು ಪರೀಕ್ಷೆ ಕಟ್ಟಿ ಲೈಸೆನ್ಸು ತೆಗೆದುಕೊಂಡಳು. ಮನೆಯಲ್ಲೇ ಕೂತು, ತಂತಿಯೊಂದನ್ನು ಮರಕ್ಕೆ ಕಟ್ಟಿ, ಕಾಣದ ಊರಿನವರ ಜೊತೆ ಮಾತಾಡಬಹುದು ಎನ್ನುವುದೇ ಅವಳಿಗೆ ಹಿಡಿಸಿದ್ದ ವಿಷಯ. ಮದುವೆಯ ಮಾತುಕತೆಯಲ್ಲಿ ಆ ಲೈಸೆನ್ಸಿನ ಸುದ್ದಿ ಬಂದಾಗ ಮಂಟಯ್ಯನವರು, “ಡ್ರೈವಿಂಗಾ?” ಎಂದು ಕೇಳಿದ್ದರಂತೆ. ಅಲ್ಲ ಎಂದ ಮೇಲೆ ಯಾರೂ ಮುಂದೆ ವಿಚಾರಿಸಲಿಲ್ಲ. ಮದುವೆಯಾದ ಮೇಲೆ ರೇಡಿಯೋ ಇರಲಿಲ್ಲ, ಲೈಸೆನ್ಸು ಮಾತ್ರ ಇತ್ತು. ಹೊಗೆಸೊಪ್ಪಿನ ಕಾಲದಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಹೆಂಗಸರ ಸಾಲಿನಲ್ಲಿ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುವಾಗ ಅವಳು ಮನಸ್ಸಿನಲ್ಲೇ ಮೋರ್ಸ್ ಅಕ್ಷರ ಹೇಳಿಕೊಳ್ಳುತ್ತಿದ್ದಳು. ಮರೆತುಹೋಗಬಾರದಲ್ಲ.

ಹತ್ತು ವರ್ಷದ ಮೇಲೆ ಕೆ.ಆರ್. ನಗರದಲ್ಲಿ ಒಂದು ಹ್ಯಾಮ್ ಕ್ಲಬ್ಬು ಶುರುವಾಯಿತು, ಪ್ರಮೀಳಾ ಹೆಸರು ಕೊಟ್ಟಳು. ಅದರ ಕಾರ್ಯದರ್ಶಿ ರುದ್ರಸ್ವಾಮಿ, ಪಂಪ್‌ಸೆಟ್ ರಿಪೇರಿ ಅಂಗಡಿಯವರು. ಕ್ಲಬ್ಬಿಗೆ ಯಾರೋ ದಾನ ಕೊಟ್ಟ ಒಂದು ಚಿಕ್ಕ ರೇಡಿಯೋ ಸೆಟ್ಟು, ಒಂದು ಹಳೆಯ ಲ್ಯಾಪ್‌ಟಾಪು ಇದ್ದವು. ಪ್ರವಾಹ, ಬಿರುಗಾಳಿಯ ಹೊತ್ತಿನಲ್ಲಿ ಎಲ್ಲಿ ಬೇಕಾದರೂ ಹೊತ್ತುಕೊಂಡು ಹೋಗಿ ಸಂದೇಶ ಕಳಿಸಲು ಬರಬೇಕು ಎಂಬುದು ರುದ್ರಸ್ವಾಮಿಯವರ ಆಸೆ. ಅದಕ್ಕೆ ಅವರೊಂದು ನಿಯಮ ಮಾಡಿದರು. ಸೆಟ್ಟು ಪ್ರತಿ ಸದಸ್ಯರ ಹತ್ತಿರ ಒಂದೊಂದು ತಿಂಗಳು ಇರುತ್ತದೆ. ಕರೆಂಟಿಲ್ಲದ ಜಾಗದಿಂದ ಕಂಪ್ಯೂಟರ್ ಮೂಲಕ ಒಂದು ಸಂಪರ್ಕವನ್ನು ಪೂರ್ತಿ ಮಾಡಿ ತೋರಿಸಿದವರ ಹತ್ತಿರ ಅದು ವರ್ಷವಿಡೀ ಉಳಿಯುತ್ತದೆ. ಮಾಡಲಾಗದಿದ್ದರೆ ಮುಂದಿನವರಿಗೆ ಹೋಗುತ್ತದೆ.

ಎರಡು ಸಾವಿರದ ಎಂಟರ ಆಗಸ್ಟ್ ತಿಂಗಳು ಪ್ರಮೀಳಾಳ ಪಾಲಿಗೆ ಬಂತು. ಆಗಸ್ಟು ಎಂದರೆ ಹೊಗೆಸೊಪ್ಪು ಬೇಯಿಸುವ ಕಾಲ. ಬೆಳಗ್ಗೆ ಎಲೆ ಮುರಿಯುವುದು, ಮಧ್ಯಾಹ್ನ ಕಟ್ಟುವುದು, ಆಳುಗಳಿಗೆ ಊಟ, ಬ್ಯಾರನ್ನಿನ ಬೆಂಕಿ. ತಿಂಗಳು ಕೈಯಿಂದ ಜಾರುತ್ತಾ ಹೋಗಿ ಕಡೆಯ ಭಾನುವಾರ ಒಂದು ಉಳಿಯಿತು. ಸೋಮವಾರ ಸೆಟ್ಟನ್ನು ಕೊಂಡೊಯ್ಯಲು ಎಚ್.ಡಿ. ಕೋಟೆಯ ಸಾಗರ್ ಬರುವವನಿದ್ದ. ಅವನಿಗೆ ಕಾರಿತ್ತು, ಉಪಗ್ರಹದಿಂದ ಟೈಮು ಹಿಡಿದು ಕಂಪ್ಯೂಟರಿಗೆ ಕೊಡುವ ಜಿಪಿಎಸ್ ಇತ್ತು. ಅವನ ಕೈಗೆ ಹೋದರೆ ಸೆಟ್ಟು ಒಂದು ವರ್ಷ ತಿರುಗಿ ಬರುವುದಿಲ್ಲ ಎಂಬುದು ಪ್ರಮೀಳಾಳಿಗೆ ಗೊತ್ತಿತ್ತು. ವರ್ಷ ಕಳೆದ ಮೇಲೂ ಮತ್ತೊಂದು ಆಗಸ್ಟೇ ಬರಬಹುದು.

ಭಾನುವಾರ ಒಂಬತ್ತರಿಂದ ಒಂಬತ್ತೂವರೆವರೆಗೆ ರುದ್ರಸ್ವಾಮಿ ಕೆ.ಆರ್. ನಗರದಿಂದ ಕರೆಯುವುದು, ಪ್ರಮೀಳಾ ಬೆಟ್ಟದ ಮೇಲಿಂದ ಉತ್ತರಿಸುವುದು ಎಂದು ನಿಗದಿಯಾಯಿತು. ಹೊರಗಡೆ ಕೂತು ಮಾಡಲು ಬೇಕಾದ ಅನುಮತಿಯನ್ನು ಕ್ಲಬ್ಬೇ ತೆಗೆಸಿತ್ತು.

ಈ ಸಂಪರ್ಕದ ರೀತಿಯೇ ಬೇರೆ. ಮಾತಿಲ್ಲ, ಮೋರ್ಸೂ ಇಲ್ಲ. ಕಂಪ್ಯೂಟರು ನಾಲ್ಕೈದು ಪದವನ್ನು ಒಂದು ನಿಮಿಷದ ಉದ್ದಕ್ಕೂ ಸಣ್ಣ ರಾಗ ಮಾಡಿ ಕಳಿಸುತ್ತದೆ, ಮುಂದಿನ ಒಂದು ನಿಮಿಷ ಸುಮ್ಮನಿದ್ದು ಕೇಳುತ್ತದೆ. ಕಿವಿಗೆ ಕೇಳಿಸದಷ್ಟು ಸೋತ ದನಿಯನ್ನೂ ಅದು ಗದ್ದಲದೊಳಗಿಂದ ಹೆಕ್ಕಿ ತೆಗೆಯಬಲ್ಲದು. ಒಂದೇ ಷರತ್ತು, ಎರಡೂ ಕಡೆಯ ಗಡಿಯಾರ ಹೊಂದಿರಬೇಕು. ಒಂದೆರಡು ಸೆಕೆಂಡು ಆಚೀಚೆಯಾದರೆ ಸಹಿಸುತ್ತದೆ, ಅದಕ್ಕಿಂತ ಹೆಚ್ಚಾದರೆ ಒಂದಕ್ಷರವೂ ಹುಟ್ಟುವುದಿಲ್ಲ. ನಿಮಿಷಗಳನ್ನು ಇಬ್ಬರೂ ಹಂಚಿಕೊಳ್ಳಬೇಕು: ಒಂಬತ್ತು ಎರಡು, ಒಂಬತ್ತು ನಾಲ್ಕು ಎನ್ನುವ ಸರಿ ನಿಮಿಷಗಳು ರುದ್ರಸ್ವಾಮಿಯವರವು, ಒಂಬತ್ತು ಮೂರು, ಒಂಬತ್ತು ಐದು ಎನ್ನುವ ಬೆಸ ನಿಮಿಷಗಳು ಪ್ರಮೀಳಾಳವು.

ಕ್ಲಬ್ಬಿನ ಲ್ಯಾಪ್‌ಟಾಪಿನ ಗಡಿಯಾರ ಮುದುಕಿಯ ನಡಿಗೆಯದು, ದಿನಕ್ಕೆ ಕೆಲವು ಸೆಕೆಂಡು ಹಿಂದೆ ಬೀಳುತ್ತಿತ್ತು. ಬೆಟ್ಟದ ಮೇಲೆ ಇಂಟರ್ನೆಟ್ ಎಲ್ಲಿ ಬರಬೇಕು? ಮನೆಯಲ್ಲೇ ಇರಲಿಲ್ಲ. ಅದಕ್ಕೆ ಪ್ರಮೀಳಾ ದೆಹಲಿಯನ್ನು ನೆಚ್ಚಿಕೊಂಡಿದ್ದಳು. ಅಲ್ಲಿಂದ ಟೈಮು ಸಾರುವ ಕೇಂದ್ರವೊಂದು ರೇಡಿಯೋದಲ್ಲಿ ಸಿಗುತ್ತಿತ್ತು. ಸೆಕೆಂಡಿಗೊಂದು ‘ಟಕ್’, ನಿಮಿಷ ತುಂಬಿದಾಗ ಒಂದು ಉದ್ದನೆಯ ಟಕ್. ಲ್ಯಾಪ್‌ಟಾಪಿನಲ್ಲಿ ಸೆಕೆಂಡನ್ನು ಸೊನ್ನೆಗೆ ಇಟ್ಟುಕೊಂಡು, ಆ ಉದ್ದನೆಯ ಟಕ್ ಬಿದ್ದ ಕೂಡಲೇ ಬಟನ್ ಒತ್ತಿದರೆ ಆಯಿತು. ಉಪ್ಪು ಹಾಕುವ ಕೈಗೆ ಅಳತೆ ಕೂತಂತೆ ಅವಳ ಬೆರಳಿಗೆ ಅದು ಕೂತುಬಿಟ್ಟಿತ್ತು. ಶನಿವಾರ ಮಧ್ಯಾಹ್ನ ಹೀಗೆ ಟೈಮು ಹೊಂದಿಸಿ, ಲ್ಯಾಪ್‌ಟಾಪನ್ನು ನಡುಮನೆಯ ಮೇಜಿನ ಮೇಲೆ ಚಾರ್ಜಿಗಿಟ್ಟು, ಸೊಪ್ಪು ಕಟ್ಟಲು ಹೋದಳು. ದೀಪ ಹಚ್ಚುವ ಹೊತ್ತಿಗೆ ಬಂದಾಗ ಅದರ ಮುಚ್ಚಳ ಮುಚ್ಚಿತ್ತು.

“ಎಲ್ಲಾ ಸರಿ ಮಾಡಿ ಮಡಗಿದೀನಿ ಕಣೇ. ನಾಳೆ ನೀನು ಹೊತ್ಕೊಂಡು ಓಗೋದೇಯ” ಎಂದ ನಟರಾಜು. ತಂತಿ, ರೇಡಿಯೋಗೆಂದು ಪಕ್ಕದ ಮನೆಯ ಬೈಕಿನಿಂದ ಬಿಚ್ಚಿ ತಂದ ಬ್ಯಾಟರಿ ಎಲ್ಲವನ್ನೂ ಗೊಬ್ಬರದ ಚೀಲವೊಂದಕ್ಕೆ ತುಂಬಿದ್ದ. ಪ್ರಮೀಳಾಳಿಗೆ ಖುಷಿಯಾಯಿತು. ಗಂಡ ತಾನಾಗಿ ಒಂದು ಕೆಲಸ ಮಾಡಿಟ್ಟಾಗ ಅದನ್ನು ಬಿಚ್ಚಿ ಪರೀಕ್ಷೆ ಮಾಡುವ ಹೆಂಗಸು ಆ ಊರಿನಲ್ಲಿ ಇರಲಿಲ್ಲ.

ಭಾನುವಾರ ಬೆಳಗ್ಗೆ ರೊಟ್ಟಿ, ಚಟ್ನಿ, ಮಧ್ಯಾಹ್ನದ ಸಾರು ಮುಗಿಸಿ, ಆಳುಗಳಿಗೆ ಅಂಬಲಿ ತೋಡಿಟ್ಟು ಹೊರಟಾಗ ನಟರಾಜು ಬ್ಯಾರನ್ನಿನ ಹತ್ತಿರದಿಂದ ಕೂಗಿದ.

“ಕಾಫಿ ಬೇಕಾದ್ರೆ?”

“ಹಾಲು ಒಲೆ ಪಕ್ಕ ಐತೆ, ಪುಡಿ ಡಬ್ಬೀಲೈತೆ. ಕಾಯಿಸ್ಕೊಳಿ.”

“ಯಾವ ಡಬ್ಬೀಲಿ?”

“ನೀನು ಹುಟ್ದಾಗಿಂದ ಇರೋ ಡಬ್ಬೀಲಿ” ಎಂದರು ಸಿದ್ದಲಿಂಗಮ್ಮ. ಹೆಂಗಸು ಒಬ್ಬಳೇ ಬೆಟ್ಟ ಹತ್ತುವುದು ಬೇಡವೆಂದು ಅವರೂ ಹೊರಟಿದ್ದರು. ಶ್ರಾವಣ ಪೂರ್ತಿ ಹತ್ತಲಾಗಿರಲಿಲ್ಲ, ಒಂಬತ್ತೂವರೆಯ ಮಂಗಳಾರತಿಗೆ ಬೆಟ್ಟದ ಮೇಲಿನ ಮಲ್ಲಿಕಾರ್ಜುನನ ಮುಂದೆ ನಿಂತ ಹಾಗೂ ಆಗುತ್ತದೆ. ತಲೆಗೆ ಸೆರಗು ಹೊದ್ದು, ಕೈಯಲ್ಲಿ ದೊಡ್ಡ ಕೊಡೆ ಹಿಡಿದು ಅವರು ಸೊಸೆಗಿಂತ ಮುಂದೆಯೇ ಮೆಟ್ಟಿಲು ಹತ್ತಿದರು.

“ಇಷ್ಟು ಭಾರ ಹೊತ್ಕೊಂಡು ಹತ್ತಿ ಏನು ಮಾತಾಡ್ತೀಯವ್ವ ಅವರ ಜೊತೆ?”

“ನಾನು ಇಲ್ಲಿದೀನಿ ಅಂತ.”

“ಆಮೇಕೆ?”

“ನೀವು ಹೇಳಿದ್ದು ಕೇಳಿಸ್ತು ಅಂತ.”

“ಅಷ್ಟೇಯಾ?”

“ಅಷ್ಟೇ ಅತ್ತೆ.”

ಸಿದ್ದಲಿಂಗಮ್ಮ ಎರಡು ಮೆಟ್ಟಿಲು ಹತ್ತಿ ನಿಂತು ಉಸಿರು ಬಿಟ್ಟರು. “ಅದೂ ಕಮ್ಮಿ ಇಲ್ಲ ಬುಡು. ನಲವತ್ತು ವರ್ಸದಲ್ಲಿ ನಿಮ್ಮಾವ ಎರಡ್ನೇದು ಒಂದ್ಸಲಾನೂ ಅಂದಿಲ್ಲ.”

ಮೇಲೆ, ಗುಡಿಯ ಹಿಂದಿನ ಬಂಡೆಯ ಪಕ್ಕದ ಕಣಿಗಲೆ ಮರಕ್ಕೆ ತಂತಿ ಕಟ್ಟಿ ಕೂತಾಗ ತುಂತುರು ಶುರುವಾಯಿತು. ಸಿದ್ದಲಿಂಗಮ್ಮ ತಾವು ನೆನೆಯುತ್ತಾ ಕೊಡೆಯನ್ನು ಲ್ಯಾಪ್‌ಟಾಪಿನ ಮೇಲೆ ಹಿಡಿದರು. ಪ್ರಮೀಳಾ ಮೊದಲು ದೆಹಲಿಯನ್ನು ಹುಡುಕಿದಳು. ಟಕ್, ಟಕ್, ಟಕ್. ಉದ್ದನೆಯ ಟಕ್ ಬಿದ್ದಾಗ ಲ್ಯಾಪ್‌ಟಾಪು ಮೂರು ಸೆಕೆಂಡು ಹಿಂದಿತ್ತು. ಸೆಕೆಂಡನ್ನು ತಿದ್ದಿದಳು. ನಿಮಿಷ ಎಷ್ಟೆಂದು ದೆಹಲಿಯ ಟಕ್ ಹೇಳುವುದಿಲ್ಲ. ಅದಕ್ಕೆ ಅಭ್ಯಾಸದಂತೆ ಕೈಗಡಿಯಾರ ನೋಡಿದಳು. ಕೈಗಡಿಯಾರವೂ ಲ್ಯಾಪ್‌ಟಾಪೂ ಒಂದೇ ನಿಮಿಷ ತೋರಿಸುತ್ತಿದ್ದವು. ಎರಡೂ ಹೊಂದಿಕೊಂಡಿವೆ, ಸದ್ಯ, ಎಂದುಕೊಂಡು ಕೆಲಸ ಶುರು ಮಾಡಿದಳು. ಅವು ಹೊಂದಿಕೊಂಡಿರಬಾರದಿತ್ತು ಎಂಬುದು ಅವಳಿಗೆ ಹೊಳೆಯಲಿಲ್ಲ. ಎರಡು ಗಡಿಯಾರ ಒಂದೇ ಮಾತು ಹೇಳಿದರೆ ಯಾರು ತಾನೇ ಅನುಮಾನ ಪಡುತ್ತಾರೆ?

ಒಂಬತ್ತಾಯಿತು. ರೇಡಿಯೋ ಸಣ್ಣಗೆ ರಾಗ ಎಳೆಯಿತು.

“ಇದೇನವ್ವ, ಮರಿ ಕಳ್ಕೊಂಡ ಬೆಕ್ಕಿನಂಗೆ ಕೂಗ್ತದೆ?”

“ಅದೇ ಅತ್ತೆ, ನಮ್ಮ ಮಾತು.”

ಒಂದು ನಿಮಿಷ ಕಳಿಸುವುದು, ಒಂದು ನಿಮಿಷ ಕೇಳುವುದು. ಕೇಳುವ ನಿಮಿಷದಲ್ಲಿ ಪರದೆಯ ಮೇಲೆ ರುದ್ರಸ್ವಾಮಿಯವರ ಗುರುತಿನ ಗೆರೆ ಮೂಡಬೇಕಿತ್ತು. ಮೂಡಲಿಲ್ಲ. ಮತ್ತೆ ಕಳಿಸಿದಳು, ಮತ್ತೆ ಕೇಳಿದಳು. ಎದ್ದು ಹೋಗಿ ತಂತಿಯನ್ನು ಇನ್ನೊಂದು ಕೊಂಬೆಗೆ ಎತ್ತಿ ಕಟ್ಟಿದಳು. ಬ್ಯಾಟರಿಯ ಕ್ಲಿಪ್ಪು ಒತ್ತಿ ನೋಡಿದಳು. ಹೊಗೆಸೊಪ್ಪಿನ ಅಂಟು ಇನ್ನೂ ಹೋಗದ ಬೆರಳು ಕೀಲಿಗಳಿಗೆ ಮೆತ್ತಿಕೊಳ್ಳುತ್ತಿತ್ತು. ಪರದೆಯ ಮೂಲೆಯಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿ ಕರಗುತ್ತಾ ಬಂದಿತ್ತು. ಹೊಸದಾಗಿದ್ದಾಗ ಎಷ್ಟು ಹೊತ್ತು ಬರುತ್ತಿತ್ತೋ, ಈಗಂತೂ ಒಂದು ಗಂಟೆ ಬಂದರೆ ಪುಣ್ಯ. ರುದ್ರಸ್ವಾಮಿಯವರಿಗೆ ಏನಾದರೂ ಆಯಿತೇ? ಫೋನು ಮಾಡೋಣವೆಂದರೆ ಮನೆಗಿದ್ದ ಒಂದೇ ಮೊಬೈಲು ನಟರಾಜುವಿನ ಜೇಬಿನಲ್ಲಿತ್ತು. ನಾಳೆ ಸಾಗರ್ ಬಂದು ಈ ಚೀಲವನ್ನು ಕಾರಿಗೆ ಹಾಕಿಕೊಳ್ಳುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

“ಮಂಗ್ಳಾರತಿಗೆ ಟೈಮಾಯ್ತಾ? ಗಂಟೆ ಎಷ್ಟು ನೋಡು” ಎಂದರು ಸಿದ್ದಲಿಂಗಮ್ಮ.

“ಒಂಬತ್ತು ಇಪ್ಪತ್ತು.”

“ಅಂದ್ರೆ ಒಂಬತ್ತೂಕಾಲು. ಇನ್ನೂ ಹೊತ್ತೈತೆ.” ಅಡುಗೆಮನೆಯಲ್ಲಿ ಎಂದೂ ಐದು ಕಳೆಯದ ಅವರು ಗುಡಿಗೋ ಮದುವೆಗೋ ಹೊರಟಾಗ ಮಾತ್ರ ಕಳೆಯುತ್ತಿದ್ದರು.

“ಕೈಗಡಿಯಾರದ್ದಲ್ಲ ಅತ್ತೆ, ಇದು ಕಂಪ್ಯೂಟರಿಂದು. ಸರೀ ಟೈಮು.”

“ಅದೂ ಮನೆ ಟೈಮೇ ಕಣವ್ವ. ನಿನ್ನೆ ಸಂಜೆ ನಟರಾಜು ಗೋಡೆ ನೋಡ್ದ, ಅದ್ನ ನೋಡ್ದ, ‘ಅವ್ವಾ, ಪಾಪ, ಇವಳ ಮಿಷಿನ್ನು ಐದು ನಿಮಿಷ ಹಿಂದೈತೆ, ನಾಳೆ ತಡವಾದ್ರೆ ಗೋಳಾಡ್ತಾಳೆ’ ಅಂದ. ಅಂಗಡಿ ಕಂಪ್ಯೂಟರ್ ನೋಡಿದಾನಲ್ಲ, ಅದೇನೋ ಒತ್ತಿ ಸರಿ ಮಾಡ್ದ. ನಿಂಗೆ ಯೋಳ್ಲಿಲ್ವಾ?”

ಹೇಳಿದ್ದ. ಎಲ್ಲಾ ಸರಿ ಮಾಡಿ ಮಡಗಿದೀನಿ ಎಂದು ಹೇಳಿಯೇ ಇದ್ದ.

ಹತ್ತು ನಿಮಿಷ ಮುಂದಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಸರಿ ನಿಮಿಷ ಸರಿಯಾಗಿಯೇ, ಬೆಸ ನಿಮಿಷ ಬೆಸವಾಗಿಯೇ ಉಳಿಯುತ್ತಿತ್ತು. ಐದು ಸೇರಿದ್ದರಿಂದ ಅವಳ ಬೆಸ ನಿಮಿಷಗಳೆಲ್ಲ ಸರಿಯಾಗಿಬಿಟ್ಟಿದ್ದವು. ರುದ್ರಸ್ವಾಮಿ ಕೂಗುವ ನಿಮಿಷದಲ್ಲೇ ಅವಳೂ ಕೂಗಿದ್ದಳು. ಅವರು ಬಾಯಿ ಮುಚ್ಚಿ ಕಿವಿಗೊಟ್ಟ ನಿಮಿಷದಲ್ಲೇ ಅವಳೂ ಕಿವಿಗೊಟ್ಟಿದ್ದಳು. ಅಷ್ಟು ಹೊತ್ತೂ ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ಸುಮ್ಮನಾಗಿ ಕೂತಿದ್ದರು.

ಪ್ರಮೀಳಾಳಿಗೆ ಸಿಟ್ಟು ಬರಲೂ ಪುರಸೊತ್ತಿರಲಿಲ್ಲ. ಲ್ಯಾಪ್‌ಟಾಪಿನ ನಿಮಿಷವನ್ನು ಐದು ಹಿಂದಕ್ಕೆ ತಂದಳು. ಮತ್ತೆ ದೆಹಲಿಗೆ ಹೋಗಿ ಉದ್ದನೆಯ ಟಕ್‌ಗೆ ಬೆರಳು ಕಾಯ್ದು ಒತ್ತಿದಳು. ತಿರುಗಿ ಬಂದು, ಏನನ್ನೂ ಕಳಿಸದೆ ಒಂದು ಸರಿ ನಿಮಿಷ ಸುಮ್ಮನೆ ಕೇಳಿದಳು. ಪರದೆಯ ಮೇಲೆ, ಹಣೆಗೆ ಎಳೆದ ವಿಭೂತಿಯಂತೆ, ಒಂದು ಬೆಳ್ಳನೆಯ ಗೆರೆ ಇಳಿಯಿತು. ಆಮೇಲೆ ಅಕ್ಷರ ಬಂದವು: ಲೈಸೆನ್ಸಿನಲ್ಲಿ ಕೊಟ್ಟ ಅವಳ ಗುರುತು, ರುದ್ರಸ್ವಾಮಿಯವರ ಗುರುತು.

“ಬಂದ್ರಾ?”

“ಬಂದ್ರು ಅತ್ತೆ. ಕೊಡೆ ಅಲ್ಲಾಡಿಸ್ಬೇಡಿ.”

ಬೆಸ ನಿಮಿಷ. ನಿಮ್ಮದು ಕೇಳಿಸುತ್ತಿದೆ ಎಂದು ಕಳಿಸಿದಳು. ಮುಂದಿನ ಸರಿ ನಿಮಿಷದಲ್ಲಿ ಅವರಿಂದ ಬಂತು: ತಲುಪಿತು, ನಿಮ್ಮದೂ ಕೇಳಿಸುತ್ತಿದೆ. ಇನ್ನು ಇವಳದು ಒಂದೇ ಮಾತು ಬಾಕಿ: ತಲುಪಿತು. ಅದು ಅವರಿಗೆ ಮುಟ್ಟಿದರೆ ಸಂಪರ್ಕ ಪೂರ್ತಿ. ಆಮೇಲಿನದು ಬರೀ ನಮಸ್ಕಾರ. ರಾಗ ಶುರುವಾಯಿತು. ಲ್ಯಾಪ್‌ಟಾಪು ಬ್ಯಾಟರಿ ಮುಗಿಯಿತೆಂದು ಪರದೆಯ ತುಂಬ ಎಚ್ಚರಿಕೆ ಬರೆಯತೊಡಗಿತು. ಮರಿ ಕಳೆದುಕೊಂಡ ಬೆಕ್ಕು ಕೂಗಿತು, ಕೂಗಿತು. ರಾಗ ನಿಂತಿತು, ಅದರ ಹಿಂದೆಯೇ ಪರದೆ ಕಪ್ಪಾಯಿತು.

“ಆಯ್ತಾ?”

“ಗೊತ್ತಿಲ್ಲ. ನಾನು ಹೇಳಿದ್ದಂತೂ ಆಯ್ತು. ಅವರಿಗೆ ಕೇಳಿಸ್ತೋ ಇಲ್ವೋ.”

“ಅದೇ ತಾನೇ ಎಲ್ಲಾರ್ದೂ” ಎಂದು ಸಿದ್ದಲಿಂಗಮ್ಮ ಕೊಡೆ ಮಡಚಿದರು. ಇಬ್ಬರೂ ಮಂಗಳಾರತಿ ತೆಗೆದುಕೊಂಡರು. ಇಳಿಯುವಾಗ ಬ್ಯಾಟರಿಯನ್ನು ಅತ್ತೆ ತಾವೇ ಕಂಕುಳಿಗೆ ಇಟ್ಟುಕೊಂಡರು, ಕೊಡಿ ಎಂದರೆ ಕೊಡಲಿಲ್ಲ.

ಮನೆ ಸೇರಿದಾಗ ಹಾಲು ಉಕ್ಕಿ ಒಲೆಯ ಕಟ್ಟೆಯೆಲ್ಲ ಅಂಟಾಗಿತ್ತು. ಮಂಟಯ್ಯನವರು ಜಗಲಿಯಲ್ಲಿ ಕರಿಕಾಫಿ ಕುಡಿಯುತ್ತಾ ಮುಖ ಹಿಂಡಿಕೊಂಡಿದ್ದರು. ನಟರಾಜು ಮೊಬೈಲು ಹಿಡಿದು ಬ್ಯಾರನ್ನಿನ ಕಡೆಯಿಂದ ಓಡಿಬಂದ.

“ಲೇ, ನಿಮ್ಮ ರುದ್ರಸ್ವಾಮಿ ಆಗ್ಲೇ ಎರಡು ಸಲ ಮಾಡಿದ್ರು. ಮೊದ್ಲೆಲ್ಲ ನಿಂದು ಏನೂ ಇರ್ಲಿಲ್ವಂತೆ, ಕಡೇಗೆ ಪೂರ್ತಿ ಬಂತಂತೆ. ತಲುಪಿತು ಅನ್ನೋದೂ ತಲುಪಿತು ಅಂತ ಯೋಳು ಅಂದ್ರು. ಸೆಟ್ಟು ಇಲ್ಲೇ ಇರ್ಲಂತೆ ವರ್ಸ. ಸಾಗರಂಗೆ ಬರ್ಬೇಡ ಅಂತಾರಂತೆ.” ಒಂದು ಗಳಿಗೆ ಬಿಟ್ಟು, “ನೋಡ್ದಾ, ನಾನು ಟೈಮು ಸರಿ ಮಾಡಿದ್ದಕ್ಕೆ!” ಎಂದ.

ಸಿದ್ದಲಿಂಗಮ್ಮ ಬ್ಯಾಟರಿಯನ್ನು ಜಗಲಿಯ ಮೇಲೆ ಕುಕ್ಕಿದರು.

“ನೀವು ಸರಿ ಮಾಡಿದ್ದೇ ತಪ್ಪಾಗಿದ್ದು ಕಣ್ರೀ” ಎಂದಳು ಪ್ರಮೀಳಾ. “ನಂದು ಬೆಸ.”

ಅವನಿಗೆ ಅರ್ಥವಾಗಲಿಲ್ಲ. ಒಲೆಯ ಕಟ್ಟೆ ಒರೆಸುತ್ತಾ ಅವಳು ಬಿಡಿಸಿ ಹೇಳಿದಳು. ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ಕೇಳಿದ ಅವನು, “ಅಂಗಾದ್ರೆ ಇನ್ಮೇಕೆ ಅದ್ನ ಮುಟ್ಟಲ್ಲ ಬುಡು” ಎಂದ. ಅವಳು ಒರೆಸುವ ಬಟ್ಟೆಯನ್ನು ಅವನ ಕೈಗೆ ಕೊಟ್ಟಳು. “ಇದ್ನ ಮುಟ್ಟಿ.” ಅವನು ಅತ್ತಿತ್ತ ನೋಡಿ, ಅಪ್ಪ ಜಗಲಿಯಲ್ಲೇ ಇದ್ದಾರೆಂದು ಖಾತ್ರಿ ಮಾಡಿಕೊಂಡು, ಕಟ್ಟೆಯ ಉಳಿದರ್ಧ ಒರೆಸಿದ.

ಗೋಡೆಯ ಗಡಿಯಾರವನ್ನು ಸರಿಯಾದ ಟೈಮಿಗೆ ಇಡೋಣ ಎಂದು ಪ್ರಮೀಳಾ ಅಂದೇ ಹೇಳಿದಳು. ಮಂಟಯ್ಯನವರು ಒಪ್ಪಲಿಲ್ಲ. “ಬಸ್ಸು ತಪ್ಪಿದ್ರೆ ನೀನು ಹೊತ್ಕೊಂಡು ಓಯ್ತೀಯಾ?” ಎಂದರು. ಗಡಿಯಾರ ಇದ್ದಲ್ಲೇ, ಇದ್ದ ಹಾಗೇ ಉಳಿಯಿತು. ಅವಳು ತನ್ನ ಕೈಗಡಿಯಾರವನ್ನು ಮಾತ್ರ ಐದು ನಿಮಿಷ ಹಿಂದಕ್ಕೆ ತಿರುಗಿಸಿಕೊಂಡಳು. ಲ್ಯಾಪ್‌ಟಾಪನ್ನು ನಡುಮನೆಯಿಂದ ತಂದು ತಾನೂ ಅತ್ತೆಯೂ ಮಲಗುವ ಒಳಕೋಣೆಯ ಕಿಟಕಿಯ ಮೇಲೆ ಚಾರ್ಜಿಗಿಟ್ಟಳು. ಹೊಗೆಸೊಪ್ಪಿನ ಕಾಲದಲ್ಲಿ ಗಂಡಸರು ಸರದಿಯ ಮೇಲೆ ಬ್ಯಾರನ್ನಿನ ಹತ್ತಿರವೇ ಮಲಗುತ್ತಿದ್ದರು.

ಸೋಮವಾರ ಬೆಳಗಿನ ಜಾವ ಸಿದ್ದಲಿಂಗಮ್ಮ ಎಂದಿನಂತೆ ಎದ್ದು ನಡುಮನೆಗೆ ಹೋಗಿ ಗೋಡೆ ನೋಡಿದರು. ನಾಲ್ಕೂವರೆ. ಕೂದಲು ಗಂಟು ಹಾಕಿಕೊಳ್ಳುತ್ತಾ ತಿರುಗಿ ಬಂದು ಸೊಸೆಯ ಹಾಸಿಗೆಯ ಪಕ್ಕ ನಿಂತರು.

“ಪ್ರಮೀಳಾ, ನಿನ್ನ ಡಬ್ಬೀಲಿ ಎಷ್ಟು?”

ಪ್ರಮೀಳಾ ಅರೆಗಣ್ಣಿನಲ್ಲೇ ಲ್ಯಾಪ್‌ಟಾಪಿನ ಮುಚ್ಚಳ ಎತ್ತಿ ನೋಡಿದಳು. “ನಾಲ್ಕು ಇಪ್ಪತ್ತೈದು ಅತ್ತೆ.”

“ಅಂಗಾದ್ರೆ ಇನ್ನೂ ಐದು ನಿಮಿಷ ಐತೆ ಬುಡು” ಎಂದು ಸಿದ್ದಲಿಂಗಮ್ಮ ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿ, ಕಂಬಳಿಯನ್ನು ಕಿವಿಯವರೆಗೂ ಎಳೆದುಕೊಂಡರು.